ಆಟಕ್ಕೆ ಬೆನ್ನು ಹಾಕಿ ಕೂತವಳು

ಕಾಗೆಯೊಂದು ಒಣಗಿದ ಕಾಲುವೆಯ ತಳದಲ್ಲಿ ಇಂಜಿನಿಯರ್ ಸಾಹೇಬನ ಹಾಗೆ ನಡೆಯುತ್ತಿದೆ, ಒಂದೆರಡು ಹೆಜ್ಜೆ, ಆಮೇಲೆ ಕತ್ತು ವಾರೆ ಮಾಡಿ ಕಲ್ಲು ನೋಡುವುದು, ಮತ್ತೆ ಹೆಜ್ಜೆ, ಇನ್ನು ಸ್ವಲ್ಪ ಬಿಟ್ಟರೆ ರೆಕ್ಕೆಯೊಳಗಿಂದ ಟೇಪು ತೆಗೆದು ಅಳೆದೀತು — ನೋಡಲಿ, ಚೆನ್ನಾಗಿ ನೋಡಲಿ, ಈ ಕಲ್ಲು ಕೂಡಿಸಿದ ಗೌಂಡಿಗಳಲ್ಲಿ ನನ್ನ ಮೈದುನ ಯಂಕಣ್ಣನೂ ಒಬ್ಬ, ಒಬ್ಬ ಏನು ಬಂತು, ನನ್ನನ್ನು ಕೇಳಿದರೆ ನಾರಾಯಣಪುರದಿಂದ ನಮ್ಮ ದೋರನಹಳ್ಳಿಯ ತನಕ ಅವನೊಬ್ಬನೇ ಕೂಡಿಸಿದ್ದು, ಉಳಿದವರೆಲ್ಲ ಚಹಾ ಕುಡಿಯುತ್ತ ಬೀಡಿ ಸೇದುತ್ತ ಕೂತಿದ್ದರು — ಬೆನ್ನ ಹಿಂದೆ ಧಪ್ಪೆಂದು ಚೆಂಡಿನ ಸದ್ದು, ಜನ ಹೋ ಎಂದರು, ನನ್ನ ಎರಡು ಪಕ್ಕೆಲುಬಿನ ನಡುವೆ ಚೆಂಡು ಹೊಕ್ಕು ಕೂತ ಹಾಗಾಯಿತು, ತಿರುಗಬಾರದು, ಶೇಖಮ್ಮ ನೀನು ತಿರುಗಬಾರದು, ಕಾಗೆ ನೋಡು, ಕಲ್ಲು ನೋಡು. ಏನಾತಬೇ ಮಲ್ಲಾಬಾಯಿ? ಎಮ್ಮೆಯ ಹಗ್ಗ ಹಿಡಿದು ಒಡ್ಡಿನ ಮೇಲೆ ನಿಂತಿರುವ ಮಲ್ಲಾಬಾಯಿಯೇ ಇವತ್ತು ನನ್ನ ಕಣ್ಣು, ಎಂಥ ಕಣ್ಣು, ಆ ಎಮ್ಮೆಯನ್ನೇ ಕೇಳಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿತ್ತು. ಒಬ್ಬಾಂವ ಬಿದ್ದಾನ, ಅಂದಳು. ನಮ್ಮಾಂವೋ ಸುರಪುರದಾಂವೋ? ಯಾರಿಗ್ಗೊತ್ತ, ಮಣ್ಣಾಗ ಬಿದ್ದ ಮ್ಯಾಲ ಎಲ್ಲಾರದೂ ಒಂದ ಬಣ್ಣ. ಗೋಲಂತೂ ಆಗಿಲ್ಲ ಹೌದಿಲ್ಲಬೇ? ಇಲ್ಲ, ಹಣಮಂತ್ರಾಯ ಹಿಡದಾನ. ಹಿಡಿಯದೆ ಏನು, ನಮ್ಮ ಗೋಲು ಕಾಯುವ ಹಣಮಂತ್ರಾಯನ ಅಂಗೈಗಳು ಒಂದೊಂದೂ ಒಂದೊಂದು ಮೊರ, ಅವನು ಚಪ್ಪಾಳೆ ತಟ್ಟಿದರೆ ಶಹಾಪುರದಲ್ಲಿ ಪಾರಿವಾಳ ಹಾರುತ್ತವೆ, ಹಿಡಿಯಲಿ, ಇವತ್ತೊಂದು ದಿನ ಹಿಡಿಯಲಿ ಅವನು, ನಾಳೆ ಬೇಕಾದರೆ ಬಿಡಲಿ.

ಬೆನ್ನು ಹಾಕಿ ಕೂರುವುದು ನನ್ನದೇ ಕಾನೂನು, ಯಾರೂ ಹೇಳಿದ್ದಲ್ಲ, ಗಂಡ ಸತ್ತವಳ ಕಣ್ಣು ತಾಗಿ ಚೆಂಡು ಎಲ್ಲಿಯಾದರೂ ದಾರಿ ತಪ್ಪೀತು ಎಂದು ನಾನೇ ಮಾಡಿಕೊಂಡದ್ದು, ಹಾಗಾಗಿ ಯಂಕಣ್ಣನ ಟೀಮು ಆಡಿದ ಊರೆಲ್ಲ ತಿರುಗಿದ್ದೇನೆ, ಒಂದು ಗೋಲನ್ನೂ ನೋಡಿಲ್ಲ, ಯಾದಗಿರಿಯಲ್ಲಿ ಕೋಟೆಯ ಗುಡ್ಡ ನೋಡಿದೆ, ಸುರಪುರದಲ್ಲಿ ಯಾರದೋ ಹಿತ್ತಲ ಗೋಡೆ, ಗೋಡೆಗೆ ಬಡಿದ ಸಗಣಿಯ ಕುಳ್ಳು, ಆ ಕುಳ್ಳಿನ ಮೇಲೆ ಬಡಿದವಳ ಐದು ಬೆರಳು, ಇವತ್ತಿಗೂ ಆ ಬೆರಳು ಸಿಕ್ಕರೆ ಗುರುತು ಹಿಡಿದೇನು. ಆಟಕ್ಕೆ ಮೊದಲು ಮಾತ್ರ ನಾನೇ ರಾಣಿ. ಹುಡುಗರು ಸಾಲಾಗಿ ಬಂದು ನನ್ನ ಮುಂದೆ ನಿಲ್ಲಬೇಕು, ನನ್ನ ಮುಖ ನೋಡಬೇಕು, ನಾನು ಒಬ್ಬೊಬ್ಬರ ಕೈಯಲ್ಲಿ ಬೆಲ್ಲದ ಚೂರು ಇಡಬೇಕು, ಆಮೇಲೆಯೇ ಅಂಗಳಕ್ಕೆ ಇಳಿಯುವುದು, ಇದು ಮ್ಯಾನೇಜರ್ ಯಂಕಣ್ಣನ ಕಾನೂನು, ನಮ್ಮ ಅತ್ತಿಗಿ ಮಾರಿ ನೋಡಲಾರದ ಯಾವನೂ ಚೆಂಡಿಗಿ ಕಾಲ ಹಚ್ಚಂಗಿಲ್ಲ ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದ. ಊರಿಗೆ ಊರೇ ಬಾಯಿ ಮೇಲೆ ಕೈ ಇಟ್ಟುಕೊಂಡಿತು, ಹೊಲಕ್ಕೆ ಹೊರಟವನಿಗೆ ನಾನು ಎದುರಾದರೆ ಚಪ್ಪಲಿ ಬಿಟ್ಟು ಒಂದು ಗಳಿಗೆ ಕೂತು ಎದ್ದು ಹೋಗುವ ಜನ ಇವರು, ಇವನು ನೋಡಿದರೆ ಟೀಮಿಗೆ ಟೀಮನ್ನೇ ನನ್ನೆದುರು ನಿಲ್ಲಿಸುತ್ತಾನೆ. ಗೆಲ್ಲುತ್ತ ಹೋದಷ್ಟು ದಿನ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಟೂರ್ನಮೆಂಟಿನ ಹೊರಗಿನ ಆಟಗಳಲ್ಲಿ ವನದುರ್ಗದವರ ಕೈಯಲ್ಲಿ ಸೋತರು, ಶಹಾಪುರದವರ ಕೈಯಲ್ಲೂ ಸೋತರು, ಆಗ ಬಿಚ್ಚಿದ ನೋಡು ಬಾಯಿ ಗೊಬ್ಬರದ ಅಂಗಡಿಯ ಭಾಗಣ್ಣ, ಹುಡುಗರಿಗೆ ಅಂಗಿ ಚೊಣ್ಣ ಹೊಲಿಸಿ ಕೊಡುವ ಧಣಿ, ಅಗಸಿ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಅಂದ, ಯಂಕಣ್ಣ, ತಪ್ಪ ತಿಳೀಬ್ಯಾಡ, ಮುಂಡಿ ಮಾರಿ ಎದುರಿಗಿ ಬಂದ್ರ ನಾವು ಎತ್ತ ಸೈತ ಹೊಳ್ಳಿಸ್ಕೊಂಡು ಬರ್ತೀವಿ, ನೀ ಕರದು ನಿಂದ್ರಸ್ತಿ, ಸೋಲದ ಏನ್ ಮಾಡ್ತಾರ ಹುಡುಗ್ರು? ಯಂಕಣ್ಣ ಕೂಗಲಿಲ್ಲವಂತೆ, ಕೂಗಿದ್ದರೆ ಕಟ್ಟೆಯ ಬೇವಿನ ಮರ ಎಲೆ ಉದುರಿಸುತ್ತಿತ್ತು, ಕೊರಳಲ್ಲಿದ್ದ ಸೀಟಿ ಹಿಡಿದುಕೊಂಡು ಮೆಲ್ಲಗೆ ಅಂದನಂತೆ, ಸುರಪುರದವರ ಕೂಡ ಫೈನಲ್ ಐತಿ, ಅದನ್ನೂ ಸೋತು, ಸೋತದ್ದು ಅತ್ತಿಗಿ ಸಲುವಾಗಿನ ಅಂತ ಮಂದಿ ಅಂದ್ರ, ಈ ಸೀಟಿ ನಿನ್ನ ಕೈಯಾಗ ಕೊಟ್ಟು ಹೋಗ್ತೀನಿ, ಟೀಮು ನಿಂದು. ಅಯ್ಯೋ ಹುಚ್ಚಪ್ಪಾ, ನನ್ನ ಮುಖಕ್ಕೆ ಇಷ್ಟು ದೊಡ್ಡ ಪಣ ಇಡುತ್ತಾರೇನು, ಈ ಮುಖಕ್ಕೆ ಕನ್ನಡಿಯೂ ಒಪ್ಪಿಗೆ ಕೊಟ್ಟು ಯಾವ ಕಾಲವಾಯಿತು. ಅದಕ್ಕೇ ಇವತ್ತು ಬೆಳಿಗ್ಗೆ ಜ್ವರ ಬಂದವಳ ಹಾಗೆ ಕೌದಿ ಹೊದ್ದು ಮಲಗಿದೆ, ಮೈ ಬಿಸಿಯಾಗಲಿ ಎಂದು ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ನರಳಿದೆ, ಸತ್ತೇ ಹೋಗುತ್ತೇನೇನೋ ಎಂದು ನನಗೇ ಅನ್ನಿಸುವಷ್ಟು ನರಳಿದೆ, ಅವನು ಬಂದು ಹಣೆ ಮುಟ್ಟಿದ, ಮೂಗು ಸೊರಸೊರ ಮಾಡಿದ, ಅತ್ತಿಗಿ, ಈ ಜ್ವರಕ್ಕ ಉಳ್ಳಾಗಡ್ಡಿ ವಾಸನಿ ಹೆಂಗ ಬಂತು, ಏಳು, ಬಂಡಿ ಕಟ್ಟೀನಿ.

ಮತ್ತೆ ಹೋ ಎಂದರು. ಮಲ್ಲಾಬಾಯಿ? ಏನಿಲ್ಲ, ಚೆಂಡ ಹೊರಗ ಹೋತು. ಹೋಗಲಿ, ಹೊರಗೆ ಹೋದ ಚೆಂಡು ಯಾರಿಗೂ ಕೇಡು ಮಾಡುವುದಿಲ್ಲ — ಹೊರಗೆ ಹೊರಟವನು ಎಂದರೆ ಯಂಕಣ್ಣ; ಅವನ ಅಣ್ಣ ಎಂದರೆ ನನ್ನ ಗಂಡ ಜ್ವರದಲ್ಲಿ ತೀರಿಹೋಗಿ ಇನ್ನೂ ಮನೆಯಲ್ಲಿ ಒಲೆಯ ಹೊಗೆ ಸರಿಯಾಗಿ ಏಳುತ್ತಿರಲಿಲ್ಲ, ಅಂಥ ಹೊತ್ತಿನಲ್ಲಿ ಇವನು ನಾರಾಯಣಪುರದ ಅಣೆಕಟ್ಟಿನ ಕೆಲಸಕ್ಕೆ ಹೊರಟ, ಮೀಸೆ ಆಗ ತಾನೇ ಹುಟ್ಟಲೋ ಬೇಡವೋ ಎಂದು ಯೋಚಿಸುತ್ತಿತ್ತು, ನಾನು ಜೋಳದ ಚೀಲದ ಹಿಂದೆ ಅಡಗಿ ನಿಂತೆ, ಹೊರಡುವವನಿಗೆ ನಾನು ಕಾಣಬಾರದಲ್ಲ, ಹೊಸ್ತಿಲು ದಾಟಿದವನು ಹೊಳ್ಳಿ ಬಂದ, ಹೊಳ್ಳಿ ಬರಬಾರದು ಅಪಶಕುನ ಎಂದು ಅವನ ಅವ್ವ ಹೊಯ್ಕೊಂಡಳು, ಇವನು ಚೀಲ ಸರಿಸಿ ನನ್ನ ಮುಂದೆ ನಿಂತು, ಅತ್ತಿಗಿ, ನೀ ಎದುರಿಗಿ ಬಂದು ಹೋಗಿ ಬಾ ಅನ್ನಲಿಲ್ಲಂದ್ರ ನಾ ಹೋಗಾಂಗಿಲ್ಲ, ಇಲ್ಲೇ ಕುಂದರ್ತೀನಿ. ಎದುರಿಗೆ ಹೋದೆ, ಕೈಗೆ ಸಿಕ್ಕ ಬೆಲ್ಲ ಕೊಟ್ಟೆ, ಆ ವರ್ಷ ಅಲ್ಲಿ ಬಂಡೆ ಸಿಡಿಸುವಾಗ ಎಷ್ಟೋ ಜನರ ಕೈ ಕಾಲು ಹೋದವು, ಇವನ ಉಗುರು ಸಹ ಮುಕ್ಕಾಗಲಿಲ್ಲ, ಅಷ್ಟಕ್ಕೇ ಅವನು ನನ್ನನ್ನು ದೇವರು ಮಾಡಿ ಕೂರಿಸಿಬಿಟ್ಟ, ನಾನು ದೇವರೇನಲ್ಲ, ದೇವರಾಗಿದ್ದರೆ ಮೊದಲು ಅವನ ಕಾಲು ನೆಟ್ಟಗೆ ಮಾಡುತ್ತಿದ್ದೆ. ಏಕೆಂದರೆ ಆಟ ಅವನಿಗೆ ಬರುವುದಿಲ್ಲ, ಇದೇ ತಮಾಷೆ, ಇಷ್ಟು ದೊಡ್ಡ ಮ್ಯಾನೇಜರನಿಗೆ ಚೆಂಡು ಒದೆಯಲು ಬರುವುದಿಲ್ಲ, ಒದ್ದರೆ ಚೆಂಡು ಒಂದು ಕಡೆ, ಚಪ್ಪಲಿ ಒಂದು ಕಡೆ, ಅವನು ಇನ್ನೊಂದು ಕಡೆ. ನಾರಾಯಣಪುರದಲ್ಲಿ ಕಲ್ಲು ಕೊರೆಯುವ ಮಷೀನು ನಡೆಸುತ್ತಿದ್ದ ಅಮೀನುದ್ದೀನ, ಹೈದರಾಬಾದಿನವನು, ಸಂಜೆ ಕ್ವಾಟರ್ಸಿನ ಬಯಲಲ್ಲಿ ಚೆಂಡು ಆಡಿಸುತ್ತಿದ್ದ, ಅವನೇ ಹೇಳಿದನಂತೆ, ಅರೆ ಯಂಕಣ್ಣ, ನಿನ್ನ ಕಾಲಿಗಿ ಅಕಲ್ ಇಲ್ಲ, ಕಣ್ಣಿಗಿ ಭಾಳ ಅಕಲ್ ಐತಿ, ನೀ ಆಡಬ್ಯಾಡ, ಆಡಸು. ಅವತ್ತಿನಿಂದ ಆಡಿಸುತ್ತಿದ್ದಾನೆ. ಕಾಲುವೆ ಎಲ್ಲಿಯ ತನಕ ಬಂತೋ ಅಲ್ಲಿಯ ತನಕ ಅವನ ಟೀಮೂ ಬಂತು. ಕಲ್ಲು ಹೊತ್ತು ಕತ್ತು ಗಟ್ಟಿಯಾದವರನ್ನು ಹಿಂದೆ ನಿಲ್ಲಿಸಿದ, ಹೊಳೆದಂಡೆಯ ಮೀನಗಾರರ ಹುಡುಗರು ಉಸುಕಿನಲ್ಲಿ ಓಡಿ ಕಾಲು ಹಗುರಾದವರು, ಅವರನ್ನು ಮುಂದೆ ಬಿಟ್ಟ, ಕಲ್ಲನ್ನು ಕೈಯಿಂದ ಕೈಗೆ ಎಸೆಯುವ ಸಾಲಿನಲ್ಲಿ ಒಂದು ಸಲವೂ ಕೆಡವದವನು ಹಣಮಂತ್ರಾಯ, ಅವನನ್ನು ಗೋಲಿಗೆ ನಿಲ್ಲಿಸಿದ. ಗೋಲಿಗೆ ಬಲೆ ಬೇಕಲ್ಲ, ಹೊಳೆದಂಡೆಯವರು ತಮ್ಮ ಹಳೆಯ ಮೀನಿನ ಬಲೆ ಕೊಟ್ಟರು, ಬಿಸಿಲಿಗೆ ಅದರ ವಾಸನೆ ಎದ್ದರೆ ಬೇರೆ ಊರಿನ ಆಟಗಾರರು ಗೋಲಿನ ಹತ್ತಿರ ಬರಲೇ ಹಿಂದೆಮುಂದೆ ನೋಡುತ್ತಾರೆ. ಆಟ ಕಲಿಸುವುದು ಹೇಗೆ ಗೊತ್ತೇನು, ಕಾಲುವೆಯ ದಂಡೆಯಲ್ಲಿ ಹುಡುಗರನ್ನು ಕೂರಿಸಿಕೊಂಡು, ಮ್ಯಾಲಿನಾಂವ ಕೆಳಗಿನಾಂವಗ ನೀರ ಬಿಡಬೇಕು, ತನ್ನ ಹೊಲದಾಗ ತಡದು ನಿಂದ್ರಿಸಿಕೊಂಡ್ರ ಕಟ್ಟಕಡೀಕಿನ ಟೇಲಿನಾಂವ ಸಾಯ್ತಾನ, ಚೆಂಡೂ ಹಂಗ, ಬಿಡಲೇ ಮಗನ, ಬಿಡು, ಮುಂದ ಬಿಡು! ಅಷ್ಟೇ ಅವನ ಶಾಲೆ. ಅಷ್ಟರಲ್ಲೇ ಯಾದಗಿರಿಯಲ್ಲಿ ಬೂಟು ಹಾಕಿದವರನ್ನು ಬರಿಗಾಲಲ್ಲಿ ಸೋಲಿಸಿದರು, ಕಪ್ಪು ತಂದರು, ಚಕ್ಕಳಮಕ್ಕಳ ಹಾಕಿ ಅದರೊಳಗೆ ಕೂತು ಸ್ನಾನ ಮಾಡಬಹುದು ಅಷ್ಟು ದೊಡ್ಡ ಕಪ್ಪು ಎಂದು ನಾನು ಊರಲ್ಲೆಲ್ಲ ಹೇಳಿದೆ, ನಿಜ ಹೇಳಿದರೆ ಒಂದು ಮುಷ್ಟಿ ಉಪ್ಪು ಹಿಡಿಯುತ್ತದೆ, ಹಾಕಿ ನೋಡಿದ್ದೇನೆ.

ಕಾಗೆ ಹಾರಿತು. ಯಾಕೆ ಹಾರಿತು, ಯಾರೂ ಕಲ್ಲು ಒಗೆಯಲಿಲ್ಲವಲ್ಲ — ಎಷ್ಟು ಹೊತ್ತಾಯಿತಬೇ ಮಲ್ಲಾಬಾಯಿ, ಮುಗಿಯಾಕ ಬಂತೇನು? ಬಂತಂತ, ಇನ್ನ ಜರಾ ಐತಂತ, ಯಾರದೂ ಗೋಲಿಲ್ಲ. ಹೀಗೇ ಮುಗಿಯಲಿ ತಾಯಿ, ಅವರೂ ಗೆಲ್ಲದೆ ನಾವೂ ಸೋಲದೆ ಮುಗಿಯಲಿ, ಸೀಟಿ ಅವನ ಕೊರಳಲ್ಲೇ ಇರಲಿ, ಅದಿಲ್ಲದೆ ಅವನ ಕೊರಳು ಹೇಗೆ ಕಂಡೀತು, ಗಂಟೆ ಬಿಚ್ಚಿದ ಎತ್ತಿನ ಕೊರಳು — ಕಂದು ಬಣ್ಣದ್ದೇನೋ ಹರಿದಾಡಿತು, ಅಲ್ಲಿ, ಕಾಲುವೆ ತಿರುಗುವಲ್ಲಿ, ಮೊದಲು ಒಂದು ಮುಂಗುಸಿ ಕಾಲುವೆಯ ತಳದಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಬಂದು ಕಲ್ಲು ಹತ್ತಿ ಮೇಲೆ ಹೋಯಿತು, ಅದರ ಹಿಂದೆ ನೊರೆ, ನೊರೆಯ ಮುಂದೆ ಒಣ ಎಲೆ, ಹರಿದ ಚಪ್ಪಲಿ, ಜೋಳದ ದಂಟು, ಎಲ್ಲವನ್ನೂ ಮದುವೆಯ ಸಾಮಾನಿನ ಹಾಗೆ ತಲೆಯ ಮೇಲೆ ಹೊತ್ತುಕೊಂಡು — ನೀರು. ನಾಳೆ ಬರುತ್ತದೆ ಎಂದಿದ್ದರು. ನಾಳೆ ಎಂದು ಡಂಗುರ ಸಾರಿದ್ದರು. ಎಷ್ಟೋ ದಿನದಿಂದ ಒಣಗಿದ ಕಾಲುವೆ, ಜೋಳ ಬಿಟ್ಟು ಭತ್ತ ಹಚ್ಚಿಕೊಂಡು ಕೂತ ಊರು, ಸಸಿಯೆಲ್ಲ ಹಳದಿಯಾಗಿ ನಿಂತಿದೆ, ಮೊದಲು ತೂಬಿನ ಬಾಯಿ ಬಿಡಿಸಿಕೊಂಡವನ ಹೊಲಕ್ಕೆ ನೀರು, ತಡ ಮಾಡಿದವನಿಗೆ ಬರೀ ಹಸಿ ವಾಸನೆ, ನೀರು ಕಂಡವರು ಕೂಗಬೇಕು, ಅದು ಊರ ರೂಢಿ, ಕಂಡವರು ಕೂಗದೆ ಇದ್ದರೆ ಪಾಪ, ಕೂಗು ಗಂಟಲ ತನಕ ಬಂತು, ಬಂದೇ ಬಿಟ್ಟಿತು, ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ, ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ ನಾನು, ನಿದ್ದೆಯಲ್ಲೂ ಮಾತಾಡುವವಳು, ಗಂಡ ಸತ್ತ ದಿನವೂ ಬಂದವರಿಗೆ ತಮಾಷೆ ಮಾಡಿದವಳು, ಇವತ್ತು ಬಟ್ಟೆ ಕಚ್ಚಿ ಕೂತೆ, ನಾನು ಕೂಗಿ, ಹುಡುಗರ ಲಕ್ಷ್ಯ ತಪ್ಪಿ, ಏನಾದರೂ ಆಗಿಹೋದರೆ ನನ್ನ ತಲೆಯ ಮೇಲೆ ಬಂತು, ಯಂಕಣ್ಣನ ತಲೆಯ ಮೇಲೆ ಬಂತು, ಇನ್ನ ಜರಾ ಐತಂತ, ಜರಾ ತಡಿ ಗಂಗವ್ವ, ಆ ಬೇಲಿಯ ಹತ್ತಿರ ಒಂದು ಗಳಿಗೆ ನಿಲ್ಲು, ಎಲೆಯಡಿಕೆ ಹಾಕಿಕೊಂಡು ಬಾ — ನೀರು ನಿಲ್ಲುತ್ತದೆಯೇ, ಎಮ್ಮೆಗೆ ವಾಸನೆ ಬಡಿಯಿತು, ಮೂಗು ಎತ್ತಿ ಹಗ್ಗ ಜಗ್ಗಿತು, ಮಲ್ಲಾಬಾಯಿ ತಿರುಗಿದಳು. ಯವ್ವಾ! ನೀರ ಬಂತ್ರೋ! ನೀರ ಬಂತು!

ಎಂಥ ಕೂಗು, ಸುರಪುರದ ತನಕ ಕೇಳಿರಬೇಕು, ಕೇಳಿದ್ದೇ ತಡ ಹಿಂದಿನ ಗದ್ದಲವೆಲ್ಲ ಎದ್ದು ನಿಂತು ಓಡಿತು, ಧೋತರದವರು ಧೋತರ ಎತ್ತಿಕಟ್ಟಿ, ಚಪ್ಪಲಿಯವರು ಚಪ್ಪಲಿ ಕೈಯಲ್ಲಿ ಹಿಡಿದು, ನನ್ನ ಬಲಕ್ಕೂ ಎಡಕ್ಕೂ ಧೂಳೇ ಧೂಳು, ಎಲ್ಲರಿಗಿಂತ ಮುಂದೆ ಯಾರು, ಗೊಬ್ಬರದ ಅಂಗಡಿಯ ಭಾಗಣ್ಣ, ಹೊಟ್ಟೆ ಅವನಿಗಿಂತ ಒಂದು ಮಾರು ಮುಂದೆ ಓಡುತ್ತಿದೆ, ಅವನ ಹಿಂದೆ, ಅಯ್ಯಯ್ಯೋ, ಅಂಗೈಗೆ ಬಟ್ಟೆ ಸುತ್ತಿಕೊಂಡವನು, ಅಂಗಿಗೆ ನಂಬರು ಹಚ್ಚಿಕೊಂಡವನು, ಹಣಮಂತ್ರಾಯ! ಅವನ ಹೊಲ ಕಟ್ಟಕಡೆಗೆ, ಟೇಲಿನಲ್ಲಿ, ಮೇಲಿನವರು ಕಟ್ಟಿಕೊಂಡರೆ ಅವನಿಗೆ ಹನಿ ಸಿಗುವುದಿಲ್ಲ, ಆಟದ ಅಂಗಳದಿಂದಲೇ ನೆಟ್ಟಗೆ ಹೊಲಕ್ಕೆ ಬಿಟ್ಟ ಬಾಣ, ಅವನ ಹಿಂದೆ ಯಂಕಣ್ಣ, ಸೀಟಿ ಊದುತ್ತ, ಹಿಡೀರಿ ಅವನ್ನ, ಹಣಮಂತ್ರಾಯಾ, ಲೇ ಹಣಮಂತ್ರಾಯಾ, ಆಟ ಮುಗದಿಲ್ಲಲೇ, ಅವನ ಕಾಲಿಗೆ ಅಕಲ್ ಇಲ್ಲವಲ್ಲ, ಒಡ್ಡಿನ ಮೇಲೆ ಒಂದು ಚಪ್ಪಲಿ ಹಾರಿತು, ನಮ್ಮ ಉಳಿದ ಆಟಗಾರರೂ ಹೋದರು, ಎಲ್ಲರೂ ಹೋದರು, ಮಲ್ಲಾಬಾಯಿಯೂ ಹೋದಳು, ಎಮ್ಮೆಯೂ ಹೋಯಿತು, ಇಷ್ಟು ಹೊತ್ತು ಜಾತ್ರೆಯಾಗಿದ್ದ ಬೆನ್ನ ಹಿಂದೆ ಒಮ್ಮೆಲೇ ಏನೂ ಇಲ್ಲ, ಬೆನ್ನಿಗೆ ಗಾಳಿ ಹತ್ತಿತು. ನನ್ನನ್ನು ನೋಡುವವರು ಯಾರೂ ಇಲ್ಲ. ತಿರುಗಿದೆ. ನನಗೂ ಗೊತ್ತಾಗುವ ಮೊದಲೇ ಕತ್ತು ತಿರುಗಿತ್ತು. ಎರಡು ಜಾಲಿಯ ಗೂಟ, ಮೇಲೊಂದು ಹಗ್ಗ, ಹಿಂದೆ ಮೀನಿನ ಬಲೆ, ನಡುವೆ ಯಾರೂ ಇಲ್ಲ. ಸುರಪುರದ ಹುಡುಗನೊಬ್ಬ ಕಾಲಲ್ಲಿ ಚೆಂಡು ಇಟ್ಟುಕೊಂಡು ಬರುತ್ತಿದ್ದಾನೆ, ಓಡುತ್ತಿಲ್ಲ, ನಡೆಯುತ್ತಿದ್ದಾನೆ, ಆಚೆ ಈಚೆ ನೋಡುತ್ತಾನೆ, ಬಾಗಿಲು ತೆರೆದ ಮನೆಯ ಮುಂದೆ ನಿಂತು ಯಾರದೀರಿ ಒಳಗ ಎಂದು ಕೇಳುವವನ ಹಾಗೆ, ಪಾಪ, ಅವನಿಗೂ ನಾಚಿಕೆ, ಆಮೇಲೆ ಕಾಲಿನ ತುದಿಯಿಂದ ಮೆಲ್ಲಗೆ ತಳ್ಳಿದ, ಚೆಂಡು ಉರುಳುತ್ತ ಉರುಳುತ್ತ ಹೋಯಿತು.

ಸೋತರು. ಸೋತೆವು. ಆಟದ ತೀರ್ಪು ಹೇಳುವ ಮಾಸ್ತರ ಸೀಟಿ ಊದಿ ಕೈ ಎತ್ತಿದ, ಮುಗಿಯಿತು, ಕಪ್ಪು ಸುರಪುರಕ್ಕೆ, ಈಗ ಬರುತ್ತಾರೆ, ಹೊಲದಿಂದ ಹೊಳ್ಳಿ ಬರುತ್ತಾರೆ, ಬಂದು ಎಲ್ಲರೂ ನನ್ನ ಕಡೆ ತಿರುಗುತ್ತಾರೆ, ಅದೂ ಇವತ್ತು ತಿರುಗಿ ನೋಡಿಬಿಟ್ಟಿದ್ದೇನೆ, ನೋಡಿದ ಮೇಲೆ ಆಯಿತೋ ಆಗುವಾಗ ನೋಡಿದೆನೋ, ಯಾರಿಗೆ ಹೇಳಲಿ — ಬಂದರು. ಭಾಗಣ್ಣ ಮೊಣಕಾಲ ತನಕ ಕೆಸರು, ತೇಕುತ್ತ ಬಂದ, ಸೋತ ಸುದ್ದಿ ಕೇಳಿದ, ಕಣ್ಣು ನನ್ನ ಮೇಲೆ ಬಿತ್ತು, ನೋಡ್ರಿಪಾ, ನಾ ಮೊದಲ ಹೇಳಿದ್ದೆ ಹೌದಿಲ್ಲೋ, ಯಾರ ಮಾರಿ ನೋಡಿ — ಅಷ್ಟರಲ್ಲಿ ಅವನ ಹಿಂದೆಯೇ ಬಂದ ನೋಡು ಹಣಮಂತ್ರಾಯ, ಮೈಯೆಲ್ಲ ಕೆಸರು, ಮುಖ ಮಾತ್ರ ಮದುಮಗನ ಮುಖ, ಏರ್ಯಾವ್ರಿ ನೀರು, ನಮ್ಮ ಹೊಲಕ್ಕೂ ಏರ್ಯಾವ, ಭಾಗಣ್ಣಾರ ಬೆನ್ನ ಹಿಂದನ ಓಡಿದ್ನಿ, ದಾರಿ ತಪ್ಪಲೇ ಇಲ್ಲ! ಗೋಲಿನ ಸುದ್ದಿಯೇ ಗೊತ್ತಿಲ್ಲ ಅವನಿಗೆ. ಆಮೇಲೆ ಯಾರೋ ಒಬ್ಬ ಕಿಸಕ್ಕೆಂದ, ಎಲ್ಲಿಂದಲೋ ಮಲ್ಲಾಬಾಯಿ, ಏ ಭಾಗಣ್ಣ, ಗೋಲ ಹೊಡದದ್ದು ಸುರಪುರದಾಂವ ಅಲ್ಲ ತಗೀ, ನಿನ್ನ ಹೊಟ್ಟಿ, ಅದ ಎಲ್ಲಾರಕಿಂತ ಮುಂದ ಓಡಿತ್ತು! ಜನ ನಕ್ಕರು, ನಕ್ಕರೆಂದರೆ ಒಡ್ಡಿನ ಕಲ್ಲು ಸಡಿಲಾಗುವ ಹಾಗೆ ನಕ್ಕರು, ಭಾಗಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು, ಅದನ್ನು ಮುಚ್ಚಲು ಏನಾದರೂ ಬೇಕಲ್ಲ, ಹಣಮಂತ್ರಾಯನ ಮೇಲೆ ತಿರುಗಿದ, ಗೋಲ ಬಿಟ್ಟು ಓಡ್ತಾರೇನಲೇ ಕತ್ತೆ, ಮುಂದಿನ ಸಲ ಕಾಲಿಗಿ ಸರಪಳಿ ಹಾಕ್ತೀನಿ ನೋಡು! ಮುಂದಿನ ಸಲ ಅಂದ. ಹಣಮಂತ್ರಾಯನ ಕಾಲಿಗೆ ಅಂದ. ನನ್ನ ಹೆಸರು ಅವನ ಬಾಯಲ್ಲಿ ಅರ್ಧಕ್ಕೆ ಹೊಳ್ಳಿ ಒಳಗೆ ಹೋಯಿತು, ಬೇರೆ ಯಾರ ಬಾಯಲ್ಲೂ ಬರಲಿಲ್ಲ, ಎಲ್ಲರೂ ನೀರು, ಪಾಳಿ, ಸರಪಳಿ ಎಂದು ಬಡಿದಾಡುತ್ತಿದ್ದಾರೆ, ಯಾರೋ ಅಂದರು, ಇನ್ ಮ್ಯಾಲ ನೀರಿನ ಪಾಳಿ ನೋಡಿ ಮ್ಯಾಚ್ ಇಡ್ರಿ ಯಂಕಣ್ಣ, ಮ್ಯಾನೇಜರ್ ನೀನಾ ಅಲ್ಲೇನು, ನೀನಾ ನೋಡಬೇಕು. ನಾನು ಕೂತಲ್ಲೇ ಹಗುರಾದೆ, ತಲೆಯ ಮೇಲಿನ ತುಂಬಿದ ಕೊಡ ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗೆ, ಕತ್ತು ತಾನೇ ಮೇಲೆದ್ದು ಹೋಗುತ್ತಿದೆ, ಸೋತ ಊರಲ್ಲಿ ನಗಬಾರದು, ಸೆರಗು ಇನ್ನೂ ಬಾಯಲ್ಲೇ ಇತ್ತು ಒಳ್ಳೆಯದಾಯಿತು. ಯಂಕಣ್ಣ ಬಂದ, ಒಂದೇ ಕಾಲಲ್ಲಿ ಚಪ್ಪಲಿ, ನನ್ನ ಪಕ್ಕ ಒಡ್ಡಿನ ಮೇಲೆ ಧೊಪ್ಪೆಂದು ಕೂತು ನೀರಿನ ಕಡೆ ಕಾಲು ಬಿಟ್ಟ, ಸೀಟಿ ಕೊರಳಲ್ಲೇ ಇದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೋ ಅಳುತ್ತಿದ್ದಾನೋ ಎಂದು ನೋಡಿದೆ, ನಗುತ್ತಲೇ ಇದ್ದ. ಸೋತ್ವಿ ಅತ್ತಿಗಿ. ಗೊತ್ತದ, ನಾ ನೋಡಿನಿ. ಏನ್ ನೋಡಿದಿ? ಗೋಲು. ನಗು ನಿಲ್ಲಿಸಿದ, ನನ್ನ ಮುಖ ನೋಡಿದ, ಸುಳ್ಳು ಹೇಳುತ್ತೇನೆಂದು ತಿಳಿದ, ಆಮೇಲೆ ಇಲ್ಲ ಎಂದು ತಿಳಿದ. ನಾ ನೋಡಲಿಲ್ಲ, ಅಂದ, ಆ ಮಗನ ಬೆನ್ನ ಹತ್ತಿದ್ನಿ, ನಾವು ಒಬ್ಬರೂ ನೋಡಿಲ್ಲ, ನೀ ಒಬ್ಬಾಕಿನ ನೋಡಿದಾಕಿ, ಹೇಳು, ಹೆಂಗಿತ್ತು? ಹೆಂಗಿತ್ತು ಅಂದರೆ. ಬಾಯಿಂದ ಸೆರಗು ತೆಗೆದೆ. ಆನೆಯಷ್ಟು ದೊಡ್ಡ ಚೆಂಡು ಎನ್ನಲೇ, ಸಿಡಿಲು ಬಡಿದ ಹಾಗೆ ಬಂತು ಎನ್ನಲೇ, ಊರಿಗೆ ಊರೇ ನಡುಗಿತು ಎನ್ನಲೇ, ಯಾವುದೂ ಬಾಯಿಗೆ ಬರುತ್ತಿಲ್ಲ, ಸಣ್ಣದಿತ್ತು, ಮೆಲ್ಲಗೆ ಹೋಯಿತು, ಎರಡು ಗೂಟದ ನಡುವೆ, ಯಾರೂ ಇರಲಿಲ್ಲ, ಉರುಳುತ್ತ ಹೋಗಿ ಬಲೆಗೆ ತಾಗಿತು, ಬಲೆ ಹಿಂದೆ ಹೋಯಿತು, ಮುಂದೆ ಬಂತು, ಹಿಂದೆ ಹೋಯಿತು, ಯಾರೂ ಇಲ್ಲ, ಮೀನಿನ ಬಲೆಯಲ್ಲಿ ಚೆಂಡು, ಮುಂದೆ ಬಂತು, ಚೆಂಡು, ಯಾರೂ ಇಲ್ಲ, ಬಲೆ, ಇಷ್ಟ ಇತ್ತು ಯಂಕಣ್ಣ, ಅಂದೆ.